ಕ್ಲಚ್ಚಿನ ಹದ

ಮೋಟಾರು ಗಾಡಿಯ ಮಾತು ಬಂದಾಗ ಜನರು ಇಂಜಿನಿನ ಬಲವನ್ನು ಕೇಳುತ್ತಾರೆ, ಬಣ್ಣವನ್ನು ಕೇಳುತ್ತಾರೆ, ಲೀಟರಿಗೆ ಎಷ್ಟು ದೂರ ಓಡುವುದೆಂದು ಕೇಳುತ್ತಾರೆ. ಕ್ಲಚ್ಚು ಹೇಗಿದೆಯೆಂದು ಕೇಳುವವರು ವಿರಳ. ಅದು ಕಣ್ಣಿಗೆ ಕಾಣುವ ವಸ್ತುವಲ್ಲ. ಇಂಜಿನಿಗೂ ಗೇರುಪೆಟ್ಟಿಗೆಗೂ ನಡುವೆ, ಗಂಟೆಯ ಆಕಾರದ ಒಂದು ಲೋಹದ ಕವಚದೊಳಗೆ, ಕತ್ತಲೆಯಲ್ಲಿ ಕುಳಿತು ಕೆಲಸಮಾಡುವ ತಟ್ಟೆ ಅದು. ಆದರೂ ಗಾಡಿ ನಡೆಸುವವರ ಎಡಗಾಲಿನೊಡನೆ ದಿನಕ್ಕೆ ನೂರಾರು ಬಾರಿ ವ್ಯವಹರಿಸುವ ಅಂಗ ಅದೊಂದೇ. ಅದು ಒಪ್ಪಿಗೆಯಾದರೆ ಗಾಡಿಯೇ ಒಪ್ಪಿಗೆ. ಅದು ಮುನಿದರೆ ಎಂತಹ ಸೊಗಸಾದ ಗಾಡಿಯೂ ಹೊರೆಯೇ. ಈ ಸಂಗತಿಯನ್ನು ನಮ್ಮ ಮನೆಯ ಅನುಭವದಿಂದ ವಾಚಕರಿಗೆ ನಿವೇದಿಸಬೇಕೆಂದಿದ್ದೇನೆ.

ನಾವಿರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಹೋಸೆ ನಗರದ ಹತ್ತಿರ. 2019ರಲ್ಲಿ ಒಂದು ಹಳೆಯ ಮಜ್ದಾ ಮಿಯಾಟಾ ಗಾಡಿಯನ್ನು ಕೊಂಡೆವು. 1994ರಲ್ಲಿ ತಯಾರಾದದ್ದು, ಇಬ್ಬರೇ ಕೂರಬಹುದಾದ, ಮೇಲ್ಛಾವಣಿ ಮಡಿಚುವ, ಸುಮಾರು ಒಂದು ಸಾವಿರ ಕಿಲೋ ತೂಕದ ಪುಟ್ಟ ಸ್ಪೋರ್ಟ್ಸ್ ಕಾರು. ಈ ಮಾದರಿಯು 1989ರಲ್ಲಿ ಲೋಕಕ್ಕೆ ಪರಿಚಯವಾಗಿ, 2016ರ ವೇಳೆಗೆ ಹತ್ತು ಲಕ್ಷ ಗಾಡಿಗಳಾಗಿ ಹರಡಿತೆಂದರೆ ಅದರ ಜನಪ್ರಿಯತೆಯನ್ನು ಊಹಿಸಬಹುದು. ನಮ್ಮ ಗಾಡಿಯ ಇಂಜಿನು 1.8 ಲೀಟರಿನದು, 128 ಕುದುರೆಬಲದ್ದು. ಭಾನುವಾರ ಬೆಳಗ್ಗೆ ನಾನೂ ನನ್ನ ಹೆಂಡತಿಯೂ ಅದರಲ್ಲಿ ಬೆಟ್ಟದ ಸಾಲಿನ ಮೇಲಿರುವ ಸ್ಕೈಲೈನ್ ರಸ್ತೆಗೆ ಹೋಗುವುದು ವಾಡಿಕೆಯಾಯಿತು. ಹೋಗುವಾಗ ಚಾಲಕಿ ಆಕೆ, ಬರುವಾಗ ಚಾಲಕ ನಾನು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅಡಿಗೆಯ, ಆಫೀಸಿನ, ಮಗಳ ಶಾಲೆಯ ಮಾತುಗಳನ್ನು ಬಿಟ್ಟು ಬೇರೆ ಮಾತಾಡಲು ನಮಗೆ ದೊರೆತ ಸ್ಥಳ ಅದೇ.

ಗಾಡಿಯ ಹಿಂದಿನ ಯಜಮಾನನಿಗೆ ಇಂಜಿನಿಗೆ ಟರ್ಬೋ ಕೂಡಿಸಿ ಬಲವನ್ನು ಇಮ್ಮಡಿಸುವ ಆಸೆಯಿತ್ತಂತೆ. ಆ ಆಸೆ ಕೈಗೂಡಲಿಲ್ಲ. ಆದರೆ ಬರಲಿದ್ದ ಬಲವನ್ನು ತಾಳುವುದಕ್ಕೆಂದು ಮುಂಚಿತವಾಗಿಯೇ ಪಂದ್ಯದ ಗಾಡಿಗಳಿಗೆ ಹಾಕುವಂತಹ ಕ್ಲಚ್ಚೊಂದನ್ನು ಹಾಕಿಸಿದ್ದನು. ಕೂಸು ಹುಟ್ಟುವ ಮುನ್ನ ಕುಲಾವಿ ಎಂಬ ನಮ್ಮ ಗಾದೆ ಸಮುದ್ರದಾಚೆಯೂ ಸಲ್ಲುತ್ತದೆ. ಆ ಕ್ಲಚ್ಚಿನ ಪೆಡಲನ್ನು ಒತ್ತುವುದೆಂದರೆ ಏತ ತುಳಿದಂತೆ. ಕಾಲು ಮೇಲೆತ್ತುವಾಗ ಅರ್ಧ ಹಿಡಿಯುವುದೆಂಬುದೇ ಅದಕ್ಕೆ ತಿಳಿಯದು. ಒಂದೋ ಪೂರ್ತಿ ಬಿಟ್ಟಿರುವುದು, ಇಲ್ಲವೇ ಗಾಡಿಯೆಲ್ಲ ಅದುರುವಂತೆ ಕಚ್ಚಿಬಿಡುವುದು. ಸ್ಯಾನ್‌ಫ್ರಾನ್ಸಿಸ್ಕೋವಿನ ಏರುಬೀದಿಗಳಲ್ಲಿ ಅಡ್ಡರಸ್ತೆಗೊಮ್ಮೆ ನಿಂತು ಹೊರಡಬೇಕು. ಅಲ್ಲಿ ಅದು ಕಾಡುಕುದುರೆಯಂತೆ ನೆಗೆಯುತ್ತಿತ್ತು. ಆದರೂ ಒಂದೆರಡು ವರ್ಷ ಇಬ್ಬರೂ ಸಹಿಸಿಕೊಂಡೆವು.

2021ರಲ್ಲಿ ನನ್ನ ಹೆಂಡತಿ ಮೆಟ್ಟಿಲಿನಲ್ಲಿ ಜಾರಿ ಎಡಮಂಡಿಗೆ ಪೆಟ್ಟು ಮಾಡಿಕೊಂಡಳು. ಶಸ್ತ್ರಚಿಕಿತ್ಸೆಯಾಗಿ ನಡೆಯುವಂತಾದಳು, ಆದರೆ ಆ ಪೆಡಲನ್ನು ಹತ್ತು ಬಾರಿ ಒತ್ತುವುದರೊಳಗಾಗಿ ಮಂಡಿ ಊದಿಕೊಳ್ಳುತ್ತಿತ್ತು. ಕೆಲವು ವಾರ ನಾನೇ ಹೋಗುವಾಗಲೂ ಬರುವಾಗಲೂ ನಡೆಸಿದೆನು. ಆಕೆ ಪಕ್ಕದಲ್ಲಿ ಕುಳಿತು ಹೊರಗೆ ನೋಡುತ್ತಿದ್ದಳು. ಒಂದು ದಿನ ಶಾಂತವಾಗಿಯೇ ಹೇಳಿದಳು: "ಗಾಡಿ ಹೋದರೆ ನನಗೆ ವ್ಯಥೆಯಿಲ್ಲ. ಆದರೆ ಅದನ್ನು ನೀವೊಬ್ಬರೇ ನಡೆಸುವ ಗಾಡಿಯನ್ನಾಗಿ ಮಾಡಬೇಡಿ. ಹಾಗಾಗುವುದಾದರೆ ಮಾರಿಬಿಡೋಣ." ಕ್ಲಚ್ಚಿನ ಶಾಸ್ತ್ರವನ್ನು ನಾನು ಓದತೊಡಗಿದ್ದು ಈ ಮಾತಿನಿಂದ.

ಶಾಸ್ತ್ರ ಕಠಿನವಾದುದಲ್ಲ. ಇಂಜಿನಿನ ಕೊನೆಗೆ ಫ್ಲೈವೀಲೆಂಬ ಭಾರವಾದ ಚಕ್ರ ಸದಾ ತಿರುಗುತ್ತಿರುತ್ತದೆ. ಅದರ ಮುಖಕ್ಕೆ ಕ್ಲಚ್ ಪ್ಲೇಟನ್ನು, ಅಂದರೆ ಎರಡು ಕಡೆಯೂ ಒರಟು ಹೊದಿಕೆಯಿರುವ ತಟ್ಟೆಯನ್ನು, ಪ್ರೆಷರ್ ಪ್ಲೇಟೆಂಬ ಇನ್ನೊಂದು ತಟ್ಟೆಯು ಬಲವಾದ ಸ್ಪ್ರಿಂಗಿನಿಂದ ಅದುಮಿ ಹಿಡಿದಿರುತ್ತದೆ. ನಡುವಣ ತಟ್ಟೆ ಗೇರುಪೆಟ್ಟಿಗೆಗೆ ಸೇರಿದ್ದು. ಅದುಮಿದಾಗ ಇಂಜಿನಿನ ತಿರುಗುಬಲ ಗಾಲಿಗಳಿಗೆ ಸಾಗುತ್ತದೆ. ಪೆಡಲನ್ನು ತುಳಿದಾಗ ಸ್ಪ್ರಿಂಗು ಹಿಂದಕ್ಕೆ ಸರಿದು ಸಂಬಂಧ ಕಡಿಯುತ್ತದೆ. ಇವೆರಡರ ನಡುವಣ ಸ್ಥಿತಿಯೇ ನಮ್ಮ ಡ್ರೈವರುಗಳು ಹೇಳುವ 'ಹಾಫ್ ಕ್ಲಚ್ಚು'. ನಿಂತ ಗಾಲಿಯೂ ತಿರುಗುವ ಇಂಜಿನೂ ಒಂದಕ್ಕೊಂದು ಹೊಂದಿಕೊಳ್ಳುವುದು ಆ ಒಂದೆರಡು ಕ್ಷಣದ ಜಾರುವಿಕೆಯಲ್ಲಿ. ಜಾರುವುದು ಕ್ಲಚ್ಚಿನ ದೋಷವೆಂದು ಹಲವರು ತಿಳಿದಿದ್ದಾರೆ. ಹಿಡಿದ ಮೇಲೆ ಜಾರುವುದು ದೋಷ. ಹಿಡಿಯುವ ಮೊದಲು ಹದವಾಗಿ ಜಾರುವುದು ಗುಣ.

ಕ್ಲಚ್ಚು ಎಷ್ಟು ಬಲವನ್ನು ತಾಳುವುದೆಂಬುದನ್ನು ಅಂಕಗಣಿತದಿಂದಲೇ ತಿಳಿಯಬಹುದು. ಹೊದಿಕೆಯ ಘರ್ಷಣಾಂಕ, ಅದುಮುವ ಬಲ, ತಟ್ಟೆಯ ಸರಾಸರಿ ತ್ರಿಜ್ಯ, ಇವನ್ನು ಗುಣಿಸಿ, ತಟ್ಟೆಗೆ ಮುಖಗಳೆರಡಾದ ಕಾರಣ ಎರಡರಿಂದ ಗುಣಿಸಬೇಕು. ನಮ್ಮ ಗಾಡಿಯ ತಟ್ಟೆಯ ಹೊರವ್ಯಾಸ 215 ಮಿಲಿಮೀಟರು. ಉದಾಹರಣೆಗೆ ಘರ್ಷಣಾಂಕವನ್ನು 0.3 ಎಂದೂ, ಅದುಮುವ ಬಲವನ್ನು 4,000 ನ್ಯೂಟನ್ ಎಂದೂ, ಸರಾಸರಿ ತ್ರಿಜ್ಯವನ್ನು 90 ಮಿಲಿಮೀಟರೆಂದೂ ಇಟ್ಟುಕೊಂಡರೆ 216 ನ್ಯೂಟನ್-ಮೀಟರು ಬರುತ್ತದೆ. ನಮ್ಮ ಇಂಜಿನು ಕೊಡುವ ಅತ್ಯಧಿಕ ತಿರುಗುಬಲ ಸುಮಾರು 149. ಹೀಗೆ ಸಾಧಾರಣ ಕ್ಲಚ್ಚಿನಲ್ಲಿಯೇ ಇಂಜಿನಿಗೆ ಬೇಕಾದುದಕ್ಕಿಂತ ಬಹಳಷ್ಟು ಶಕ್ತಿ ಮಿಗುತ್ತದೆ. ಅದಕ್ಕೂ ಮೀರಿ ತಂದುದೆಲ್ಲ ಗಾಲಿಗೆ ತಲಪುವುದಿಲ್ಲ. ಕಾಲಿಗೆ ಮಾತ್ರ ತಲಪುತ್ತದೆ. ಸ್ಪ್ರಿಂಗು ಬಿಗಿಯಾದಷ್ಟೂ ಪೆಡಲು ಭಾರ. ಅಷ್ಟೇ ಅಲ್ಲದೆ, ಪೆಡಲನ್ನು ತುಳಿದಾಗಲೆಲ್ಲ ಇಂಜಿನಿನ ಮುಖ್ಯ ದಂಡವು ಒಂದು ಕಡೆಗೆ ನೂಕಲ್ಪಟ್ಟು, ಆ ನೂಕನ್ನು ತಾಳುವ ಬೇರಿಂಗಿನ ಮೇಲೂ ಹೊರೆ ಹೆಚ್ಚುತ್ತದೆ.

ಇನ್ನು ಹೊದಿಕೆಯ ವಿಚಾರ. ಮೋಟಾರಿನ ಆದಿಕಾಲದಲ್ಲಿ ಅನೇಕ ಗಾಡಿಗಳ ಕ್ಲಚ್ಚು ಶಂಕುವಿನ ಆಕಾರದ್ದಾಗಿದ್ದು ಅದಕ್ಕೆ ಚರ್ಮವನ್ನು ಹೊದಿಸುತ್ತಿದ್ದರು. ಚರ್ಮ ಒಣಗಿ ಕಚ್ಚತೊಡಗಿದರೆ ಎಣ್ಣೆ ಸವರುವುದು, ಜಾರತೊಡಗಿದರೆ ಜೇಡಿಪುಡಿ ಎರಚುವುದು, ಇದು ಅಂದಿನ ಚಾಲಕರ ಮನೆಮದ್ದು. ಆಮೇಲೆ ಕಲ್ನಾರಿನ ಹೊದಿಕೆಗಳು ಬಂದು ಬಹುಕಾಲ ಆಳಿದವು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ದೇಶದೇಶಗಳು ಅದನ್ನು ತೊರೆದವು. ಅಮೆರಿಕ ಸರ್ಕಾರವು ಈಚೆಗೂ ಬಳಕೆಯಲ್ಲಿದ್ದ ಬಿಳಿ ಕಲ್ನಾರಿನ ನಿಷೇಧವನ್ನು ಹೊರಡಿಸಿದ್ದು 2024ರಲ್ಲಿ. ಹಳೆಯ ಗಾಡಿಯ ಕ್ಲಚ್ಚನ್ನು ಬಿಚ್ಚುವಾಗ ಒಳಗಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಕೊಳವೆಯಿಂದಾಗಲಿ ಊದಬಾರದೆಂಬುದನ್ನು ಗೃಹಸ್ಥರು ನೆನಪಿನಲ್ಲಿಡತಕ್ಕದ್ದು.

ಈಗ ಗಾಡಿಯ ಕಂಪೆನಿಯದಲ್ಲದೆ ಹೊರಗಿನ ತಯಾರಕರು ಮಾರುವ ಕ್ಲಚ್ಚುಗಳು ಬಹುವಿಧವಾಗಿವೆ. ನಾರು ಮತ್ತು ರಾಳಗಳನ್ನು ಬೆರೆಸಿ ಮಾಡಿದ ಸಾಮಾನ್ಯ ಹೊದಿಕೆ ಮೃದುವಾಗಿ ಹಿಡಿಯುತ್ತದೆ. ಅತಿಯಾದ ಕಾವನ್ನು ತಾಳುವುದಿಲ್ಲ. ಕೆವ್ಲಾರ್ ನಾರಿನದು ಬಹುಕಾಲ ಬಾಳುತ್ತದೆ. ಆದರೆ ಪಳಗಿಸುವಾಗ ಬಹಳ ತಾಳ್ಮೆ ಬೇಕು. ಲೋಹ ಮತ್ತು ಪಿಂಗಾಣಿ ಪುಡಿಗಳನ್ನು ಕಾಯಿಸಿ ಒತ್ತಿದ ಬಿಲ್ಲೆಗಳುಳ್ಳದ್ದು ಕಾವಿಗೆ ಹೆದರುವುದಿಲ್ಲ. ಅದರ ಹಿಡಿತ ಹಠಾತ್ತಾದದ್ದು. ನಮ್ಮ ಗಾಡಿಯಲ್ಲಿದ್ದುದು ಈ ಕಡೆಯ ಜಾತಿ. ತಯಾರಕರು ಇವುಗಳಿಗೆ ಒಂದನೆಯ 'ಸ್ಟೇಜು', ಎರಡನೆಯದು, ಮೂರನೆಯದು ಎಂದು ಅಂಕಗಳನ್ನು ಕೊಡುತ್ತಾರೆ. ಈ ಅಂಕಗಳಿಗೆ ಎಲ್ಲರಿಗೂ ಒಪ್ಪಿತವಾದ ಅಳತೆಯಿಲ್ಲ. ಒಬ್ಬರ ಎರಡು ಇನ್ನೊಬ್ಬರ ಮೂರಾಗಬಹುದು. ಆದುದರಿಂದ ಅಂಕವನ್ನು ಬಿಟ್ಟು, ಹೊದಿಕೆ ಯಾವುದು, ಅದು ತಾಳುವ ತಿರುಗುಬಲ ಎಷ್ಟು, ತಟ್ಟೆಯ ನಡುವೆ ಅದಿರನ್ನು ನುಂಗುವ ಸಣ್ಣ ಸ್ಪ್ರಿಂಗುಗಳಿವೆಯೇ, ಪೆಡಲಿನ ಭಾರ ಎಷ್ಟು ಏರುವುದು, ಈ ನಾಲ್ಕನ್ನು ಕೇಳಬೇಕು.

ನಮ್ಮ ಬಡಾವಣೆಯ ವೃದ್ಧ ಮೆಕ್ಯಾನಿಕ್ಕು ಐದನೆಯ ಪ್ರಶ್ನೆಯೊಂದನ್ನು ಕೇಳಿದನು: "ಗಾಡಿಯನ್ನು ನಡೆಸುವವರು ಯಾರು?" ನಾನು ಹೆಂಡತಿಯ ಮಂಡಿಯ ಸಂಗತಿಯನ್ನು ಹೇಳಿದೆನು. ಆತನು ತಲೆದೂಗಿ, ಹೊರಗಿನ ತಯಾರಕರದೇ ಆದ, ಆದರೆ ಸಾಮಾನ್ಯ ಹೊದಿಕೆಯ, ನಡುವೆ ಸ್ಪ್ರಿಂಗುಗಳುಳ್ಳ, ಮೂಲದಷ್ಟೇ ಅದುಮುವ ಬಲದ ಜೋಡಿಯೊಂದನ್ನು ತೋರಿಸಿದನು. ಫ್ಲೈವೀಲನ್ನು ಹಗುರ ಮಾಡಿದರೆ ಇಂಜಿನು ಚುರುಕಾಗಿ ಏರುವುದೆಂದು ಬೇರೆಯವರು ಹೇಳಿದ್ದರು. ಚುರುಕಾಗಿ ಏರುವುದು ಅಷ್ಟೇ ಚುರುಕಾಗಿ ಇಳಿದು, ಹೊರಡುವಾಗ ಇಂಜಿನು ನಿಂತುಹೋಗುವುದೂ ಸುಲಭವೆಂದು ತಿಳಿದು, ಆ ಆಸೆಯನ್ನು ಅಲ್ಲಿಗೇ ಬಿಟ್ಟೆವು.

ಕ್ಲಚ್ಚು ಬದಲಾಯಿಸುವುದರಲ್ಲಿ ವಸ್ತುವಿನ ಬೆಲೆಗಿಂತ ಕೂಲಿಯ ಪ್ರಶ್ನೆ ದೊಡ್ಡದು. ಗೇರುಪೆಟ್ಟಿಗೆಯನ್ನೇ ಇಳಿಸಬೇಕು, ಈ ಗಾಡಿಯಲ್ಲಂತೂ ಗೇರುಪೆಟ್ಟಿಗೆಯನ್ನು ಹಿಂದಿನ ಗಾಲಿಗಳ ಡಿಫರೆನ್ಷಿಯಲಿಗೆ ಬಿಗಿದಿರುವ ಉದ್ದನೆಯ ತೊಲೆಯನ್ನೂ ಬಿಚ್ಚಬೇಕು. ಅಷ್ಟೆಲ್ಲ ಬಿಚ್ಚಿದ ಮೇಲೆ ರಿಲೀಸ್ ಬೇರಿಂಗು, ಫ್ಲೈವೀಲಿನ ನಡುವಣ ಪೈಲಟ್ ಬೇರಿಂಗು ಇವನ್ನು ಹಳೆಯವೇ ಇರಲೆಂದು ಬಿಡುವುದು ಜಾಣತನವಲ್ಲ. ಎಣ್ಣೆ ತಡೆಯುವ ಹಿಂಬದಿಯ ಸೀಲು ಸೋರಿದರೆ ಹೊಸ ಹೊದಿಕೆಯೂ ಕೆಡುತ್ತದೆ, ಅದನ್ನೂ ನೋಡಿಸಬೇಕು. ಫ್ಲೈವೀಲಿನ ಮುಖವನ್ನು ಹರೆದು ಸಮಮಾಡಿಸಿದೆವು. ಪೆಡಲಿನ ಒತ್ತಡವನ್ನು ದ್ರವದ ಮೂಲಕ ಒಯ್ಯುವ ಕೆಳಗಿನ ಸಿಲಿಂಡರು ಈ ಮಾದರಿಯಲ್ಲಿ ಸೋರುವುದಕ್ಕೆ ಹೆಸರಾದದ್ದು, ಅದನ್ನೂ ಬದಲಾಯಿಸಿದೆವು. ಇದೆಲ್ಲ ಆದದ್ದು 2022ರ ವಸಂತದಲ್ಲಿ.

ಹೊಸ ಕ್ಲಚ್ಚು ಹೊಸ ಸೊಸೆಯಂತೆ. ಬಂದ ದಿನವೇ ಅದರಿಂದ ಎಲ್ಲವನ್ನೂ ನಿರೀಕ್ಷಿಸಬಾರದು. ಹೊದಿಕೆಯೂ ಲೋಹದ ಮುಖವೂ ಒಂದಕ್ಕೊಂದು ಒರೆದು ಕೂಡಿಕೊಳ್ಳಬೇಕು. ಮೊದಲ 800 ಕಿಲೋಮೀಟರು ಊರೊಳಗೆ, ನಿಂತು ಹೊರಡುತ್ತಾ, ಇಂಜಿನಿನ ಪೂರ್ಣಬಲವನ್ನು ಹೇರದೆ ನಡೆಸಿದೆವು. ಹೆದ್ದಾರಿಯಲ್ಲಿ ಒಂದೇ ಗೇರಿನಲ್ಲಿ ಓಡಿದ ದೂರ ಈ ಲೆಕ್ಕಕ್ಕೆ ಹೆಚ್ಚು ಸಲ್ಲದು. ಪಳಗುವುದು ಕ್ಲಚ್ಚು ಹಿಡಿದು ಬಿಡುವ ಎಣಿಕೆಯಿಂದಲ್ಲದೆ ಮೈಲಿಯಿಂದಲ್ಲ. ಆದುದರಿಂದ ತರಕಾರಿಗೆ, ಅಂಚೆಗೆ, ಮಗಳನ್ನು ಸಂಗೀತಪಾಠಕ್ಕೆ ಬಿಡುವುದಕ್ಕೆ, ಎಲ್ಲಕ್ಕೂ ಆ ಗಾಡಿಯೇ ಹೋಯಿತು. ನನ್ನ ಹೆಂಡತಿ ಮೊದಲ ದಿನ ಪೆಡಲನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿ, ನನ್ನ ಮುಖವನ್ನು ನೋಡಿ, "ಇಷ್ಟೇಯೇ?" ಎಂದಳು. ಆ ವಾರವೆಲ್ಲ ಮಂಡಿಯನ್ನು ಗಮನಿಸಿದೆವು. ಊದಲಿಲ್ಲ.

ಈ ಕ್ಲಚ್ಚಿಗೆ ಮಿತಿಯಿಲ್ಲವೆಂದಲ್ಲ. ಏರಿನಲ್ಲಿ ಬ್ರೇಕಿನ ಬದಲು ಕ್ಲಚ್ಚಿನ ಮೇಲೆ ಗಾಡಿಯನ್ನು ನಿಲ್ಲಿಸಿಕೊಂಡರೆ ಸುಟ್ಟ ವಾಸನೆ ಬರುತ್ತದೆ. ಮುಂದೆ ಯಾರಾದರೂ ಇಂಜಿನಿನ ಬಲವನ್ನು ಇಮ್ಮಡಿಸಿದರೆ ಇದು ಜಾರುವುದು ನಿಶ್ಚಯ. ಆದರೆ ನಮಗೆ ಬೇಕಾದುದು ಆ ಬಲವಲ್ಲ. 2024ರಲ್ಲಿ ಮಗಳು ಇದರಲ್ಲಿಯೇ ಗೇರು ಹಾಕುವುದನ್ನು ಕಲಿತಳು. ಅಮೆರಿಕದಲ್ಲಿ ಮಾರಾಟವಾಗುವ ಹೊಸ ಗಾಡಿಗಳಲ್ಲಿ ಕಾಲಿನ ಕ್ಲಚ್ಚಿರುವುವು ನೂರಕ್ಕೆ ಒಂದೆರಡು ಮಾತ್ರ. ಆಕೆಯ ಸ್ನೇಹಿತೆಯರಿಗೆ ಮೂರನೆಯ ಪೆಡಲೇ ಒಂದು ವಿಸ್ಮಯ. ಕಲಿಸಿದವಳು ತಾಯಿ. ಖಾಲಿ ಮೈದಾನದಲ್ಲಿ ಗಾಡಿ ಹತ್ತಾರು ಬಾರಿ ನಿಂತಿತು, ಹತ್ತಾರು ಬಾರಿ ಕುಪ್ಪಳಿಸಿತು. "ಕಾಲಿನಿಂದ ಕೇಳಿಸಿಕೋ, ಅವಸರಪಡಬೇಡ" ಎಂದು ಆಕೆ ಹೇಳುತ್ತಿದ್ದುದು ದೂರದಲ್ಲಿ ನಿಂತ ನನಗೂ ಕೇಳಿಸುತ್ತಿತ್ತು.

ಕೊನೆಯದಾಗಿ ಗೃಹಸ್ಥರಿಗೆ ಎರಡು ಮಾತು. ನಿಮ್ಮ ಗಾಡಿಯ ಕ್ಲಚ್ಚು ಸವೆದಿದೆಯೋ ಎಂಬುದನ್ನು ತಿಳಿಯಬೇಕಾದರೆ, ತೆರವಾದ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಮೆಲ್ಲಗೆ ಹೋಗುತ್ತಾ ಆಕ್ಸಿಲರೇಟರನ್ನು ಒತ್ತಿ ನೋಡಿ. ಇಂಜಿನಿನ ಸದ್ದು ಏರಿಯೂ ವೇಗ ಏರದಿದ್ದರೆ ತಟ್ಟೆ ಜಾರುತ್ತಿದೆ. ಬದಲಾಯಿಸುವ ಕಾಲ ಬಂದಾಗ ಅಂಗಡಿಯಾತನು ಎಲ್ಲಕ್ಕಿಂತ ಬಲವಾದುದನ್ನು ಮೊದಲು ತೋರಿಸಬಹುದು. ಆಗ ಇಂಜಿನಿನ ಲೆಕ್ಕವನ್ನು ಕಾಗದದ ಮೇಲೆ ಮಾಡಿ. ಆಮೇಲೆ ಮನೆಗೆ ಹೋಗಿ, ಆ ಪೆಡಲನ್ನು ತುಳಿಯಬೇಕಾದವರನ್ನೆಲ್ಲ ಒಂದು ಮಾತು ಕೇಳಿ ಬನ್ನಿ.