ಒಂದು ಸೊಳ್ಳೆಗೆ ಒಂದಾಣೆ

ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂದು ಕಂಡುಹಿಡಿದವರು ಯಾರು? ನಾನು ಓದುವ ಕಾಲಕ್ಕೆ ಇದು ಒಂದು ಅಂಕದ ಪ್ರಶ್ನೆ. ಉರ್ದು ಶಾಲೆಯಲ್ಲೂ ಅದೇ ಉತ್ತರ, ಕನ್ನಡ ಶಾಲೆಗೆ ಬಂದ ಮೇಲೂ ಅದೇ: ರೊನಾಲ್ಡ್ ರಾಸ್. ಅವನು ಮಿಲಿಟರಿ ಡಾಕ್ಟರಾಗಿದ್ದನೆಂದಾಗಲಿ, ಒಂದಷ್ಟು ಕೆಲಸವನ್ನು ನಮ್ಮ ಬೆಂಗಳೂರಿನಲ್ಲೇ ಮಾಡಿದನೆಂದಾಗಲಿ ಯಾವ ಮೇಷ್ಟರೂ ಹೇಳಲಿಲ್ಲ. ಹುಸೇನ್ ಖಾನನ ಹೆಸರಂತೂ ಪಾಠದಲ್ಲಿ ಇರಲೇ ಇಲ್ಲ.

ಕೆಂಕೆರೆಯ ಕಡೆಯವರಿಗೆ ಸೊಳ್ಳೆಯ ವಿಷಯ ಹೊಸದಾಗಿ ಹೇಳಬೇಕಿಲ್ಲ. ತೋಟದ ತುಂಬ ಸುಲಿದ ಮಟ್ಟೆಯ ರಾಶಿ, ಹಿತ್ತಲಲ್ಲಿ ಒಡೆದ ಚಿಪ್ಪು. ಮಳೆ ಬಂದರೆ ಒಂದೊಂದು ಚಿಪ್ಪೂ ಒಂದೊಂದು ಪುಟ್ಟ ಕೆರೆ. 2006ರಲ್ಲಿ ಚಿಕುನ್‌ಗುನ್ಯಾ ಬಂದಾಗ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಜನ ಮಲಗಿದರೆಂದು ಲೆಕ್ಕ. ನಮ್ಮ ಅಮ್ಮಿ ಗೋಡೆ ಹಿಡಿದು ನಡೆದದ್ದು, ನಮಾಜಿಗೆ ಕುರ್ಚಿ ಕೇಳಿದ್ದು ಆ ವರ್ಷವೇ. ಆ ಕುರ್ಚಿ ಕೊನೆಯತನಕ ಹೋಗಲಿಲ್ಲ. ಕೊಬ್ಬರಿ ಅಟ್ಟಕ್ಕೆ ಏಣಿ ಹತ್ತುತ್ತಿದ್ದ ಆಳುಗಳು ಜಗಲಿಯ ಮೆಟ್ಟಿಲು ಇಳಿಯಲಾರದೆ ಕೂತಿದ್ದರು. ಕೋಳಿ ಅಂಗಡಿ ಇಟ್ಟಿದ್ದ ನಮ್ಮ ಮಾಮೂಗೆ ಬೇರೆಯೇ ಪೆಟ್ಟು. "ಏನ್ ಸಾಬ್ರೇ, ಕೋಳಿ ತಿಂದ್ರೆ ಬರ್ತದಂತಲ್ಲ ಈ ಜ್ವರ? ಹೆಸರೇ ಚಿಕನ್ ಗುನ್ಯಾ" ಎಂದು ಜನ ಅಂಗಡಿಯ ಆಚೆ ಬದಿಗೆ ಹಾದು ಹೋಗುತ್ತಿದ್ದರು. ಆ ಪದ ಆಫ್ರಿಕದ ಮಾಕೊಂಡೆ ಭಾಷೆಯದು, ಕೀಲು ಹಿಡಿದು ಬಗ್ಗಿಹೋಗುವುದು ಎಂಬರ್ಥದ್ದು, ಕೋಳಿಗೂ ಅದಕ್ಕೂ ನಂಟಿಲ್ಲ ಎಂದು ನಾನು ಹೇಳಿದರೆ ಮಾಮೂ, "ಅದನ್ನ ಗಿರಾಕಿಗಳಿಗೆ ಹೇಳಪ್ಪಾ" ಎಂದರು.

ರಾಸ್‌ನ ಆತ್ಮಕಥೆ ಓದಿದ್ದು ಅದಾದ ಮೇಲೆ. 1857ರಲ್ಲಿ ಅಲ್ಮೋರಾದಲ್ಲಿ ಹುಟ್ಟಿದವನು, ಅಪ್ಪ ಸೇನೆಯ ಜನರಲ್. ಹುಡುಗನಿಗೆ ಕವಿಯಾಗುವ, ಚಿತ್ರ ಬರೆಯುವ ಆಸೆ. ಅಪ್ಪನ ಹಟಕ್ಕೆ ವೈದ್ಯನಾಗಿ 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದ. ಕವಿತೆ, ಕಾದಂಬರಿ ಬರೆಯುವುದನ್ನು ಮಾತ್ರ ಬಿಡಲಿಲ್ಲ. ಕತೆ ಬರೆಯುವ ನನಗೆ ಅವನ ಮೇಲೆ ಮೊದಲು ಅಕ್ಕರೆ ಹುಟ್ಟಿದ್ದು ಇಲ್ಲಿಯೇ.

1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಅವನ ಬಂಗಲೆಯೊಳಗೆ ವಿಪರೀತ ಸೊಳ್ಳೆ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಹುಳು ಆಡುವುದನ್ನು ಕಂಡು ಅದನ್ನು ಮಗುಚಿದ. ಸೊಳ್ಳೆ ಕಡಿಮೆಯಾಯಿತು. ಉಳಿದ ತೊಟ್ಟಿ, ಡಬ್ಬಗಳನ್ನೂ ಹೀಗೇ ಮಾಡಿಸೋಣವೆಂದು ಅಡ್ಜುಟೆಂಟ್ ಸಾಹೇಬರನ್ನು ಕೇಳಿದರೆ ಅವರು ಒಪ್ಪಲಿಲ್ಲ. ಸೊಳ್ಳೆಯನ್ನೂ ಯಾವುದೋ ಉದ್ದೇಶಕ್ಕೇ ಸೃಷ್ಟಿಸಲಾಗಿದೆ, ಸಹಿಸಿಕೊಳ್ಳುವುದೇ ಧರ್ಮ ಎಂದರಂತೆ. ಇಂಥ ಮಾತು ನಮ್ಮ ಮೌಲ್ವಿಗಳು, ಅಯ್ಯನವರು ಮಾತ್ರ ಆಡುತ್ತಾರೆಂದು ತಿಳಿದವರು ಇದನ್ನು ಓದಬೇಕು.

ರಜೆಗೆಂದು ಲಂಡನ್ನಿಗೆ ಹೋದಾಗ, 1894ರಲ್ಲಿ, ಪ್ಯಾಟ್ರಿಕ್ ಮ್ಯಾನ್ಸನ್ ಅವನಿಗೆ ರಕ್ತದೊಳಗಿನ ಮಲೇರಿಯಾ ಜೀವಿಯನ್ನು ತೋರಿಸಿದ. ಅದನ್ನು 1880ರಲ್ಲಿ ಅಲ್ಜೀರಿಯದಲ್ಲಿ ಮೊದಲು ಕಂಡ ಲಾವೆರಾನ್ ಕೂಡ ಮಿಲಿಟರಿ ಡಾಕ್ಟರೇ, ಫ್ರೆಂಚರವನು. ಸಾಮ್ರಾಜ್ಯಗಳಿಗೆ ಸಿಪಾಯಿಗಳು ಗುಂಡಿಗಿಂತ ಜ್ವರಕ್ಕೆ ಸಾಯುವುದು ದೊಡ್ಡ ತಲೆನೋವಾಗಿತ್ತು. ಇಂಥ ಸಂಶೋಧನೆ ದಂಡಿನ ಆಸ್ಪತ್ರೆಗಳಲ್ಲಿ ನಡೆದದ್ದು ಬರೀ ಜ್ಞಾನದ ಹಸಿವಿನಿಂದಲ್ಲ.

ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರು ಕುಡಿದವರಿಗೆ ರೋಗ ಬರುತ್ತದೆಂಬುದು ಮ್ಯಾನ್ಸನ್‌ನ ಊಹೆ. ಅದನ್ನು ಪರೀಕ್ಷಿಸಲು ರಾಸ್ ಸಿಕಂದರಾಬಾದಿನಲ್ಲಿ ಲಚ್ಮನ್ ಎಂಬವನಿಗೆ ಆ ನೀರು ಕುಡಿಸಿದ. 1895ರ ಸೆಪ್ಟೆಂಬರಿನಲ್ಲಿ ಕಾಲರಾ ಹತೋಟಿಗೆಂದು ರಾಸ್‌ನನ್ನು ಬೆಂಗಳೂರಿಗೆ ಕಳಿಸಿದರು. ಇಲ್ಲಿ ಬೌರಿಂಗ್ ಆಸ್ಪತ್ರೆಯ ಸಹಾಯಕ ಸರ್ಜನ್ ಒಬ್ಬರು ತಾವಾಗಿ ಮುಂದೆ ಬಂದು ರೋಗಿಗಳ ರಕ್ತ ಹೀರಿದ ಸೊಳ್ಳೆಗಳಿಂದ ಕಚ್ಚಿಸಿಕೊಂಡರು. ರಾಸ್ ಅವರ ಹೆಸರನ್ನು ಅಪ್ಪಿಯಾ ಎಂದು ಬರೆದಿದ್ದಾನೆ. ನಮ್ಮ ಬಾಯಲ್ಲಿ ಅಪ್ಪಯ್ಯ ಇದ್ದೀತು. ಜ್ವರ ಬರಲಿಲ್ಲ. ಸೊಳ್ಳೆಯ ಜಾತಿಯೇ ಬೇರೆಯಿತ್ತು. ಅಪ್ಪಯ್ಯನವರಿಗೆ ಅಪಾಯ ಏನೆಂದು ಗೊತ್ತಿತ್ತು, ಒಪ್ಪಿದರು. ಲಚ್ಮನ್‌ಗೆ ಎಷ್ಟು ಗೊತ್ತಿತ್ತು? ಇದನ್ನು ಕೇಳದೆ ರಾಸ್‌ನನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

1897ರ ಬೇಸಗೆಯಲ್ಲಿ ಊಟಿಯ ಬಳಿ ಸೀಗೂರು ಘಾಟಿಗೆ ಹೋಗಿ ಅವನೇ ಮಲೇರಿಯಾ ಹಿಡಿಸಿಕೊಂಡ. ಜೂನ್‌ನಲ್ಲಿ ಮತ್ತೆ ಸಿಕಂದರಾಬಾದ್. ಪಂಖ ಎಳೆಸಿದರೆ ಕೊಯ್ದ ಸೊಳ್ಳೆ ಹಾರಿಹೋಗುತ್ತಿತ್ತು; ಬೆವರು ಹತ್ತಿ ಸೂಕ್ಷ್ಮದರ್ಶಕದ ತಿರುಪುಗಳಿಗೆ ತುಕ್ಕು. ರೆಕ್ಕೆಯಲ್ಲಿ ಚುಕ್ಕೆಯಿದ್ದ ಹೊಸ ಜಾತಿಯ ಸೊಳ್ಳೆಗಳು ಸಿಕ್ಕಾಗ, ಆಗಸ್ಟ್ 16ರಂದು ಅವನ್ನು ಹುಸೇನ್ ಖಾನನ ಮೈಮೇಲೆ ಬಿಟ್ಟ. ಹುಸೇನ್ ಖಾನ್ ಮಲೇರಿಯಾ ರೋಗಿ. ಕಚ್ಚಿದ ಒಂದು ಸೊಳ್ಳೆಗೆ ಒಂದಾಣೆ ಕೂಲಿ. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಕಣಗಳುಳ್ಳ ಕೋಶಗಳು ಕಂಡವು. ಲೋಕ ಈಗ ಆ ದಿನವನ್ನೇ ಸೊಳ್ಳೆ ದಿನವೆಂದು ಆಚರಿಸುತ್ತದೆ.

ಕೆಲವೇ ವಾರಗಳಲ್ಲಿ ಸರ್ಕಾರ ಅವನನ್ನು ರಜಪುತಾನದ ಖೇರವಾಡಕ್ಕೆ ವರ್ಗ ಮಾಡಿತು! ಉಳಿದದ್ದನ್ನು 1898ರಲ್ಲಿ ಕಲ್ಕತ್ತೆಯಲ್ಲಿ, ಮಹಮ್ಮದ್ ಬಕ್ಷ್ ಎಂಬ ಸಹಾಯಕನ ಜೊತೆ ಹಕ್ಕಿಗಳ ಮಲೇರಿಯಾದ ಮೇಲೆ ಮುಗಿಸಿದ. ಜೀವಿ ಸೊಳ್ಳೆಯ ಜೊಲ್ಲುಗ್ರಂಥಿಗೆ ಬಂದು ಸೇರುವುದು ಖಚಿತವಾಯಿತು. ಮನುಷ್ಯರ ಮಲೇರಿಯಾದಲ್ಲಿ ಇದನ್ನು ತೋರಿಸಿದ್ದು ಇಟಲಿಯ ಗ್ರಾಸಿ; ಅವನೊಡನೆ ರಾಸ್ ಜೀವಮಾನವಿಡೀ ಜಗಳವಾಡಿದ. 1902ರ ನೊಬೆಲ್ ರಾಸ್‌ಗೆ ಬಂತು.

ಅಮ್ಮಿ ಬದುಕಿದ್ದಾಗ ಒಂದು ರಾತ್ರಿ ಈ ಕತೆ ಹೇಳಿದೆ. ನೊಬೆಲ್ ಎಂದರೆ ಎಷ್ಟು ದುಡ್ಡು ಎಂದು ಕೇಳಲಿಲ್ಲ. ಮೊಣಕಾಲಿಗೆ ಎಣ್ಣೆ ತಿಕ್ಕುತ್ತ, "ಆ ಹುಸೇನ್ ಖಾನನ ಜ್ವರ ಇಳೀತೇನೋ?" ಎಂದರು.