ವಲಯ ಅರಣ್ಯಾಧಿಕಾರಿ ಹುದ್ದೆಗೊಂದು ಅರ್ಜಿ

ಪದವಿಯ ಅಂಕಪಟ್ಟಿಯ ಜೊತೆಗೆ ಅಭ್ಯರ್ಥಿಯ ಎತ್ತರವನ್ನೂ ಎದೆಯ ಸುತ್ತಳತೆಯನ್ನೂ ಅಳೆದು ನೋಡುವ ಸರ್ಕಾರಿ ಹುದ್ದೆಗಳು ಹೆಚ್ಚಿಲ್ಲ. ಇರುವ ಕೆಲವುಗಳಲ್ಲಿ ಕರ್ನಾಟಕ ಅರಣ್ಯ ಇಲಾಖೆಯ ವಲಯ ಅರಣ್ಯಾಧಿಕಾರಿ ಹುದ್ದೆಯೂ ಒಂದು. ಇಲಾಖೆಯ ಒಳಗೂ ಕಾಡಂಚಿನ ಊರುಗಳಲ್ಲೂ ಆರ್‌ಎಫ್‌ಒ ಎಂದೇ ಹೆಸರಾದ ಈ ಅಧಿಕಾರಿಯ ಸ್ಥಾನ, ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳ ನಡುವೆ ವರ್ಷಗಳನ್ನು ಕಳೆಯುವ ಯುವಕ ಯುವತಿಯರಿಗೆ ಖಾಕಿಯ ಗೌರವ, ಇಲಾಖೆಯ ಜೀಪು ಮತ್ತು ಕಾಡಿನ ನಂಟು ಈ ಮೂರನ್ನೂ ಒಟ್ಟಿಗೆ ಕೊಡುವಂತೆ ತೋರುತ್ತದೆ. ತೋರಿಕೆ ಪೂರ್ತಿ ಸುಳ್ಳೂ ಅಲ್ಲ. ಆದರೆ ಅರ್ಜಿಯ ಅಂಕಣಗಳಲ್ಲಿ ಕೇಳುವುದೆಲ್ಲ ಅಭ್ಯರ್ಥಿಯ ಸ್ವಂತ ಬಲದ ಲೆಕ್ಕ, ಹುದ್ದೆ ಸಿಕ್ಕ ಮೇಲೆ ಒಪ್ಪಿಸಬೇಕಾದದ್ದೆಲ್ಲ ಬೇರೆಯವರ ಕೈಯಲ್ಲಿರುವ ಬಲದ ಲೆಕ್ಕ. ಈ ಅಂತರವನ್ನು ಅರಿಯದೆ ತುಂಬಿದ ಅರ್ಜಿಯಲ್ಲಿ ಎಲ್ಲ ವಿವರಗಳಿದ್ದರೂ ಮುಖ್ಯವಾದದ್ದೊಂದು ಬಿಟ್ಟುಹೋಗಿರುತ್ತದೆ.

ಅರಣ್ಯ ಆಡಳಿತದಲ್ಲಿ ಅತ್ಯಂತ ಕೆಳಗಿನ ಘಟಕ ಗಸ್ತು, ಅಂದರೆ ಒಬ್ಬ ಗಸ್ತು ಅರಣ್ಯ ಪಾಲಕ ನಡೆದು ಕಾಯಬೇಕಾದ ಕಾಡಿನ ಭಾಗ. ಹಿಂದೆ ಫಾರೆಸ್ಟ್ ಗಾರ್ಡ್ ಎನ್ನುತ್ತಿದ್ದುದು ಈತನನ್ನೇ. ಕೆಲವು ಗಸ್ತುಗಳು ಸೇರಿದರೆ ಉಪ ವಲಯ ಅರಣ್ಯಾಧಿಕಾರಿಯ ಶಾಖೆಯಾಗುತ್ತದೆ, ಕೆಲವು ಶಾಖೆಗಳು ಸೇರಿದರೆ ವಲಯವಾಗುತ್ತದೆ. ವಲಯದ ಮೇಲೆ ಉಪವಿಭಾಗವನ್ನು ನೋಡಿಕೊಳ್ಳುವ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ, ಅವರ ಮೇಲೆ ವಿಭಾಗದ ಉಪ ಅರಣ್ಯ ಸಂರಕ್ಷಣಾಧಿಕಾರಿ ಇರುತ್ತಾರೆ. ಆದೇಶಗಳು ಮೇಲಿನಿಂದ ಬಂದು ಕೆಲಸವಾಗಿ ಮಾರ್ಪಡುವುದೂ, ಕಾಡಿನಲ್ಲಿ ನಡೆದದ್ದು ಕಡತವಾಗಿ ಮೇಲಕ್ಕೆ ಹೋಗುವುದೂ ವಲಯ ಕಚೇರಿಯಲ್ಲೇ. ಹೀಗಾಗಿ ವಲಯ ಅರಣ್ಯಾಧಿಕಾರಿಯನ್ನು ಕಚೇರಿಯ ಅಧಿಕಾರಿ ಎಂದಾಗಲಿ ಕಾಡಿನ ಕಾವಲುಗಾರ ಎಂದಾಗಲಿ ಪೂರ್ತಿಯಾಗಿ ಕರೆಯಲು ಬರುವುದಿಲ್ಲ.

ಈ ಹುದ್ದೆ ಹುಟ್ಟಿದ್ದು ವನ್ಯಜೀವಿಗಳಿಗಾಗಿ ಅಲ್ಲ. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ 1864ರಲ್ಲಿ ಆರಂಭವಾದಾಗಲೂ, ರೇಂಜರುಗಳೆಂದು ಕರೆಯುತ್ತಿದ್ದ ವಲಯ ಅರಣ್ಯಾಧಿಕಾರಿಗಳನ್ನು ತಯಾರು ಮಾಡಲೆಂದು 1878ರಲ್ಲಿ ಡೆಹ್ರಾಡೂನಿನಲ್ಲಿ ಅರಣ್ಯ ಶಾಲೆ ತೆರೆದಾಗಲೂ ಸರ್ಕಾರದ ಕಣ್ಣಿದ್ದದ್ದು ಮರದ ಮೇಲೆ; ತೇಗ, ಬೀಟೆ, ಶ್ರೀಗಂಧಗಳನ್ನು ಎಣಿಸಿ, ಗುರುತು ಹಾಕಿ, ಕಡಿಸಿ, ನಾಟಾಗಳನ್ನು ಡಿಪೋಗೆ ಸಾಗಿಸಿ ಬೊಕ್ಕಸ ತುಂಬಿಸುವುದು ರೇಂಜರನ ದಕ್ಷತೆಯ ಅಳತೆಯಾಗಿತ್ತು. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆ ಅದೇ ಸಮವಸ್ತ್ರದ ಮೇಲೆ ಬೇರೆಯೇ ಕರ್ತವ್ಯವನ್ನು ಹೊರಿಸಿತು. ಮರವನ್ನು ಅಳೆದು ಬೆಲೆ ಕಟ್ಟುತ್ತಿದ್ದ ಇಲಾಖೆಯೇ ಇನ್ನು ಉರುಳು ಹಾಕಿದವನನ್ನು ಹುಡುಕಬೇಕು, ಕಡವೆ ಮಾಂಸದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು, ನ್ಯಾಯಾಲಯದಲ್ಲಿ ಅಪರಾಧವನ್ನು ಸಾಬೀತುಪಡಿಸಬೇಕು ಎಂದಾಯಿತು. ಮರದ ಲೆಕ್ಕದ ಶಿಸ್ತಿನಲ್ಲಿ ಬೆಳೆದ ಇಲಾಖೆ ಸಾಕ್ಷ್ಯದ ಶಿಸ್ತನ್ನು ತಡವಾಗಿ, ಬಹುಮಟ್ಟಿಗೆ ಸೋತ ಮೊಕದ್ದಮೆಗಳಿಂದಲೇ ಕಲಿಯಬೇಕಾಯಿತು.

ಹುದ್ದೆಗೆ ಬಾಗಿಲುಗಳು ಎರಡು. ಒಂದು ನೇರ ನೇಮಕಾತಿ. ಅದರಲ್ಲಿ ಶಿರಸಿ, ಪೊನ್ನಂಪೇಟೆಗಳ ಅರಣ್ಯ ಮಹಾವಿದ್ಯಾಲಯಗಳಲ್ಲಿ ಓದಿದ ಅರಣ್ಯಶಾಸ್ತ್ರ ಪದವೀಧರರಿಗೆ ಮೀಸಲಾಗಬೇಕಾದ ಪಾಲು ಎಷ್ಟು ಎಂಬುದು ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಇಳಿಯುವಷ್ಟು ಬಿಸಿಯಾದ ಪ್ರಶ್ನೆಯಾಗಿದೆ. ಇನ್ನೊಂದು ಬಾಗಿಲು ಬಡ್ತಿ; ಉಪ ವಲಯ ಅರಣ್ಯಾಧಿಕಾರಿಯಾಗಿ ವರ್ಷಗಟ್ಟಲೆ ದುಡಿದವರು ಇಲಾಖಾ ಪರೀಕ್ಷೆಗಳನ್ನು ಮುಗಿಸಿ, ಜ್ಯೇಷ್ಠತಾ ಪಟ್ಟಿಯಲ್ಲಿ ತಮ್ಮ ಸರದಿಗಾಗಿ ಕಾದು ಒಳಬರುತ್ತಾರೆ. ಮೊದಲ ಬಾಗಿಲಿನಿಂದ ಬಂದವರಿಗೆ ಹದಿನೆಂಟು ತಿಂಗಳ ತರಬೇತಿಯ ಬಲವಿರುತ್ತದೆ, ಕಾನೂನಿನ ಕಲಮುಗಳು ನಾಲಗೆಯ ತುದಿಯಲ್ಲಿರುತ್ತವೆ, ಆದರೆ ಯಾವ ಹಳ್ಳದ ದಾರಿಯಲ್ಲಿ ರಾತ್ರಿ ನಾಡಬಂದೂಕು ಓಡಾಡುತ್ತದೆ ಎಂಬುದು ತಿಳಿದಿರುವುದಿಲ್ಲ. ಎರಡನೆಯ ಬಾಗಿಲಿನಿಂದ ಬಂದವರಿಗೆ ಹಳ್ಳವೂ ಗೊತ್ತು, ಬಂದೂಕಿನ ಮನೆಯೂ ಗೊತ್ತು. ಆದರೆ ನಿನ್ನೆಯವರೆಗೆ ಹೆಗಲಿಗೆ ಹೆಗಲು ಕೊಟ್ಟು ನಡೆದ ಸಹೋದ್ಯೋಗಿಯ ತಪ್ಪನ್ನು ಇಂದು ಲಿಖಿತವಾಗಿ ಕೇಳಬೇಕಾದ ಸಂಕಟ ಅವರದು. ಒಬ್ಬರಿಗೆ ನೆಲದ ಅರಿವು ಕಡಿಮೆ, ಇನ್ನೊಬ್ಬರಿಗೆ ಅಂತರ ಕಡಿಮೆ. ಮೇಲ್ವಿಚಾರಣೆಗೆ ಎರಡೂ ಬೇಕು, ಎರಡನ್ನೂ ಒಟ್ಟಿಗೆ ತರುವ ಬಾಗಿಲು ಮಾತ್ರ ಇಲ್ಲ.

ದೈಹಿಕ ಪರೀಕ್ಷೆಯನ್ನು ಹಳೆಯ ಕಾಲದ ಉಳಿಕೆ ಎಂದು ಹೇಳಿ ನಗುವವರಿದ್ದಾರೆ. ಭಾರತೀಯ ಅರಣ್ಯ ಸೇವೆಗೆ ಆಯ್ಕೆಯಾಗುವ ಪುರುಷರು 4 ಗಂಟೆಗಳಲ್ಲಿ 25 ಕಿಲೋಮೀಟರ್, ಮಹಿಳೆಯರು ಅಷ್ಟೇ ಸಮಯದಲ್ಲಿ 14 ಕಿಲೋಮೀಟರ್ ನಡೆದು ತೋರಿಸಬೇಕು. ರಾಜ್ಯದ ಅರಣ್ಯ ಹುದ್ದೆಗಳೂ ಇದೇ ಬಗೆಯ ದೀರ್ಘ ನಡಿಗೆಯನ್ನು ಕೇಳುತ್ತವೆ. ಕಳ್ಳಬೇಟೆಗಾರನನ್ನು ಅಟ್ಟಿಸಿಕೊಂಡು ಹೋಗುವ ಪ್ರಸಂಗ ವಲಯಾಧಿಕಾರಿಯ ಬದುಕಿನಲ್ಲಿ ಅಪರೂಪ. ನಡಿಗೆಯ ನಿಜವಾದ ಉಪಯೋಗ ಬೇರೆ ಕಡೆ ಇದೆ: ಕಳ್ಳಬೇಟೆ ತಡೆ ಶಿಬಿರದವರೆಗೆ ನಡೆದು ಹೋಗಲಾರದ ಅಧಿಕಾರಿ ಅಲ್ಲಿನ ಗಸ್ತು ಪುಸ್ತಕದಲ್ಲಿ ಬರೆದದ್ದನ್ನೆಲ್ಲ ನಂಬಬೇಕಾಗುತ್ತದೆ. ಸಿಬ್ಬಂದಿ ನಡೆದ ದಾರಿಯನ್ನು ಉಪಗ್ರಹದ ನೆರವಿನಿಂದ ದಾಖಲಿಸುವ ಎಂ-ಸ್ಟ್ರೈಪ್ಸ್ ಎಂಬ ವ್ಯವಸ್ಥೆ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಬಂದ ಮೇಲೆ ಯಾರು ಎಲ್ಲಿ ನಡೆದರು ಎಂಬುದು ಪರದೆಯ ಮೇಲೆ ಗೆರೆಯಾಗಿ ಕಾಣುತ್ತದೆ, ನಿಜ. ಆದರೆ ಆ ಗೆರೆಯ ಪಕ್ಕದ ಪೊದೆಯಲ್ಲಿ ಕಟ್ಟಿದ್ದ ತಂತಿ ಉರುಳನ್ನು ನಡೆದವನು ನೋಡಿದನೇ ಎಂಬುದನ್ನು ಗೆರೆ ಹೇಳುವುದಿಲ್ಲ.

ಹುದ್ದೆಯ ತಿರುಳಿರುವುದು ಕಾನೂನಿನಲ್ಲಿ. ವನ್ಯಜೀವಿ ಕಾಯ್ದೆಯ 50ನೇ ಕಲಮು ತಡೆದು ನಿಲ್ಲಿಸುವ, ಶೋಧಿಸುವ, ಜಪ್ತಿ ಮಾಡುವ, ವಾರಂಟ್ ಇಲ್ಲದೆ ಬಂಧಿಸುವ ಅಧಿಕಾರವನ್ನು ಯಾರ್ಯಾರಿಗೆ ಕೊಟ್ಟಿದೆ ಎಂಬುದನ್ನು ಗಮನವಿಟ್ಟು ಓದಿದರೆ ಒಂದು ವಿಶೇಷ ಕಾಣುತ್ತದೆ. ಪೊಲೀಸರ ಪೈಕಿ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದವರಿಗೆ ಮಾತ್ರ ಈ ಅಧಿಕಾರವಿದೆ. ಅರಣ್ಯ ಅಧಿಕಾರಿಗಳ ವಿಷಯದಲ್ಲಿ ಅಂಥ ದರ್ಜೆಯ ಮಿತಿಯನ್ನು ಕಾಯ್ದೆ ಹೇಳುವುದಿಲ್ಲ. ಕಾಡಿನ ನಟ್ಟನಡುವೆ ಅಪರಾಧ ಎದುರಾದಾಗ ಮೇಲಧಿಕಾರಿ ಬರುವವರೆಗೆ ಕಾಯುವುದಾಗುವುದಿಲ್ಲವಾದ್ದರಿಂದ ಈ ಏರ್ಪಾಡಿಗೆ ಅರ್ಥವಿದೆ. ಆದರೆ ಅದರ ಪರಿಣಾಮವಾಗಿ, ಪೊಲೀಸ್ ಠಾಣೆಯಲ್ಲಿ ಅನುಭವಿ ಅಧಿಕಾರಿಯ ಕೈಗೆ ಮಾತ್ರ ಸಿಗುವ ಅಧಿಕಾರ ಕಾಡಿನಲ್ಲಿ ಇಪ್ಪತ್ತೆರಡು ವರ್ಷದ ಗಸ್ತು ಪಾಲಕನ ಕೈಯಲ್ಲೂ ಇರುತ್ತದೆ. ಆದ್ದರಿಂದ ವಲಯ ಅರಣ್ಯಾಧಿಕಾರಿಯ ಕೆಲಸ ಅಧಿಕಾರವನ್ನು ಚಲಾಯಿಸುವುದಕ್ಕಿಂತ ಹೆಚ್ಚಾಗಿ, ಈಗಾಗಲೇ ಕೆಳಗಿನವರ ಕೈಯಲ್ಲಿರುವ ಅಧಿಕಾರ ದಾರಿ ತಪ್ಪದಂತೆ ನೋಡಿಕೊಳ್ಳುವುದಾಗಿದೆ. ಬಂಧಿತನನ್ನು ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲಾಯಿತೇ, ವಿಚಾರಣೆಯ ಹೆಸರಿನಲ್ಲಿ ಕೈ ಮಾಡಲಾಯಿತೇ ಎಂಬ ಪ್ರಶ್ನೆಗಳಿಗೆ ಕೊನೆಗೆ ಉತ್ತರ ಕೊಡಬೇಕಾದವರು ಅವರೇ.

ಕಾಯ್ದೆ ವಲಯಾಧಿಕಾರಿಯ ಅಧಿಕಾರಕ್ಕೂ ಮಿತಿ ಹಾಕಿದೆ. ಸಾಕ್ಷಿಗಳನ್ನು ಕರೆಸಿ ಹೇಳಿಕೆಯನ್ನು ಸಾಕ್ಷ್ಯವಾಗಿ ದಾಖಲಿಸುವ ಅಧಿಕಾರವನ್ನು ಅದು ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಮತ್ತು ಮೇಲಿನ ದರ್ಜೆಯವರಿಗೆ ಮಾತ್ರ ಕೊಟ್ಟಿದೆ. ಆರೋಪಿಯ ಸಮ್ಮುಖದಲ್ಲಿ ಹಾಗೆ ದಾಖಲಾದ ಸಾಕ್ಷ್ಯವನ್ನು ಮುಂದೆ ವಿಚಾರಣೆಯಲ್ಲಿ ಬಳಸಲು ಬರುತ್ತದೆ. ವಲಯಾಧಿಕಾರಿ ತಾನೇ ಬರೆದುಕೊಂಡ ಹೇಳಿಕೆಯನ್ನೇ ನೆಚ್ಚಿಕೊಂಡು ಕೂತರೆ ಮೊಕದ್ದಮೆ ಅಲ್ಲಿಗೇ ಅರ್ಧ ಸೊರಗಿದಂತೆ. ಮೇಲಿನವರನ್ನು ಯಾವಾಗ ಕರೆಯಬೇಕು ಎಂದು ತಿಳಿದಿರುವುದೂ ಈ ಹುದ್ದೆಯ ವಿವೇಕದಲ್ಲಿ ಸೇರಿದೆ.

ಅಪರಾಧ ಪತ್ತೆಯಾದ ಕೂಡಲೇ ಇಲಾಖೆಯವರು ಎಫ್‌ಒಸಿ ಎಂದು ಕರೆಯುವ ಅರಣ್ಯ ಮೊಕದ್ದಮೆ ದಾಖಲಾಗುತ್ತದೆ; ಪಂಚರ ಸಮಕ್ಷಮದಲ್ಲಿ, ಎಲ್ಲಿ ಏನು ಸಿಕ್ಕಿತು ಎಂಬುದರ ಸ್ಥಳದಲ್ಲೇ ಬರೆದ ದಾಖಲೆಯಾದ ಮಹಜರು ತಯಾರಾಗುತ್ತದೆ; ಜಪ್ತಿಯಾದ ವಸ್ತುಗಳಿಗೆ, ಅಂದರೆ ಮುದ್ದೆಮಾಲಿಗೆ, ಮೊಹರು ಬೀಳುತ್ತದೆ; ಮಾಂಸ, ಕೂದಲು, ಉಗುರುಗಳ ಮಾದರಿ ಹೈದರಾಬಾದಿನ ಸಿಸಿಎಂಬಿಯಂಥ ಸಂಸ್ಥೆಗೋ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗೋ ಡಿಎನ್‌ಎ ಪರೀಕ್ಷೆಗೆ ಹೋಗುತ್ತದೆ. ನಂತರ 55ನೇ ಕಲಮಿನ ಪ್ರಕಾರ ಅಧಿಕೃತ ಅಧಿಕಾರಿಯೇ ನ್ಯಾಯಾಲಯಕ್ಕೆ ದೂರು ಸಲ್ಲಿಸಬೇಕು, ಏಕೆಂದರೆ ಪೊಲೀಸರ ಆರೋಪಪಟ್ಟಿಯ ಮೇಲೆ ನಡೆಯುವ ಮೊಕದ್ದಮೆ ಇದಲ್ಲ. ಅತಿ ಹೆಚ್ಚಿನ ರಕ್ಷಣೆ ಪಡೆದ ಅನುಸೂಚಿ 1ರ ಪ್ರಾಣಿಗಳ ವಿಷಯದಲ್ಲಿ 3ರಿಂದ 7 ವರ್ಷಗಳವರೆಗೆ ಜೈಲು ಶಿಕ್ಷೆ ಇರುವುದರಿಂದ ವಿಚಾರಣೆಯ ಕ್ರಮವೂ ಬಿಗಿಯಾದದ್ದು. ಇಂಥ ದೂರಿನಲ್ಲಿ ಆರೋಪ ಹೊರಿಸುವ ಮೊದಲು ಒಮ್ಮೆ ಸಾಕ್ಷ್ಯ ಕೊಟ್ಟ ಸಿಬ್ಬಂದಿಯನ್ನು, ಆರೋಪ ಹೊರಿಸಿದ ಮೇಲೆ ಪಾಟೀಸವಾಲಿಗಾಗಿ ಮತ್ತೆ ಕರೆಸಲು ಆರೋಪಿಗೆ ಹಕ್ಕಿದೆ. ಆ ವೇಳೆಗೆ ವರ್ಷಗಳು ಉರುಳಿರುತ್ತವೆ, ವಲಯಾಧಿಕಾರಿಗೆ ಬೇರೆ ಜಿಲ್ಲೆಗೆ ವರ್ಗಾವಣೆಯಾಗಿರುತ್ತದೆ, ಊರಿನ ಪಂಚರಿಗೆ ಆರೋಪಿಯ ಮನೆಯವರೊಡನೆ ಬಾಳಬೇಕಾದ ಅನಿವಾರ್ಯತೆ ನೆನಪಾಗಿರುತ್ತದೆ. ಆಗ ಉಳಿಯುವುದು ಕಾಗದ ಮಾತ್ರ. ಮಹಜರಿನಲ್ಲಿ ಸಮಯ ಬರೆಯದೆ ಬಿಟ್ಟದ್ದು, ಮಾದರಿಯ ಮೊಹರು ಯಾರ ವಶದಲ್ಲಿತ್ತು ಎಂದು ದಾಖಲಿಸದೇ ಹೋದದ್ದು ಇಂಥ ಸಣ್ಣ ಲೋಪಗಳಿಂದಲೇ ದೊಡ್ಡ ಮೊಕದ್ದಮೆಗಳು ಬೀಳುತ್ತವೆ. ಅಡಿಗೆಯ ರುಚಿ ಒಗ್ಗರಣೆಯಲ್ಲಿದೆ ಎಂದು ನಂಬಿ ಬೇಳೆಯನ್ನು ಬೇಯಿಸದೆ ಬಿಟ್ಟಂತೆ, ದಾಳಿಯ ಸಾಹಸವನ್ನೇ ಕಾನೂನು ಜಾರಿ ಎಂದು ನಂಬಿದ ಅಧಿಕಾರಿ ಕಾಗದವನ್ನು ಗುಮಾಸ್ತರಿಗೆ ಬಿಡುತ್ತಾನೆ.

ಕಡತಕ್ಕಿಂತ ಕಠಿಣವಾದದ್ದು ತಾರತಮ್ಯದ ವಿವೇಕ. 2023ರ ಅಕ್ಟೋಬರಿನಲ್ಲಿ ಕಿರುತೆರೆಯ ರಿಯಾಲಿಟಿ ಶೋ ಒಂದರ ಸ್ಪರ್ಧಿ ಹುಲಿಯುಗುರಿನ ಪದಕ ಧರಿಸಿದ್ದಕ್ಕೆ ಬಂಧಿತನಾದಾಗ, ಹೆಸರುವಾಸಿಯಾದ ಬೇರೆಯವರ ಕೊರಳುಗಳೂ ಚರ್ಚೆಗೆ ಬಂದವು, ಅಧಿಕಾರಿಗಳು ಮನೆಮನೆ ತಪಾಸಣೆಗೆ ಹೋಗಬೇಕಾಯಿತು. 2024ರಲ್ಲಿ ರಾಜ್ಯ ಸರ್ಕಾರ ಪ್ರಮಾಣಪತ್ರವಿಲ್ಲದೆ ಇಟ್ಟುಕೊಂಡ ಇಂಥ ವಸ್ತುಗಳನ್ನು ಒಪ್ಪಿಸಲು ಒಂದು ಬಾರಿಯ ಅವಕಾಶವನ್ನು ಪ್ರಕಟಿಸಿತು. ಅಜ್ಜನ ಕಾಲದ ಕೊಂಬು ಗೋಡೆಯ ಮೇಲಿರುವ ಮಲೆನಾಡಿನ ಮನೆಗೂ, ಮಾರಾಟಕ್ಕೆಂದು ಚಿಪ್ಪುಹಂದಿಯ ಚಿಪ್ಪನ್ನು ಚೀಲದಲ್ಲಿ ತುಂಬಿದವನಿಗೂ ಅನ್ವಯವಾಗುವ ಕಾಯ್ದೆ ಒಂದೇ. ಎರಡರ ಹಿಂದಿನ ಉದ್ದೇಶ ಒಂದೇ ಅಲ್ಲ. ಆನೆ ಎದುರಾದಾಗ ಪ್ರಾಣ ಉಳಿಸಿಕೊಳ್ಳಲು ಸದ್ಭಾವನೆಯಿಂದ ಮಾಡಿದ ಕೃತ್ಯ ಅಪರಾಧವಾಗದು ಎಂದು 11ನೇ ಕಲಮು ಹೇಳುತ್ತದೆ, ಆದರೆ ಬೇಲಿಗೆ ಅಕ್ರಮವಾಗಿ ವಿದ್ಯುತ್ ಹರಿಸಿದ ರೈತ ಆ ರಕ್ಷಣೆಯನ್ನು ಕೇಳಿದರೆ ಸತ್ತ ಸಲಗದ ಮುಂದೆ ನಿಂತು ಉತ್ತರ ಹೇಳಬೇಕಾದವರು ವಲಯಾಧಿಕಾರಿ. ಬಿಳಿಗಿರಿರಂಗನಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ 2011ರಲ್ಲೇ ಅಲ್ಲಿನ ಸೋಲಿಗ ಬುಡಕಟ್ಟಿನವರ ಗ್ರಾಮಸಭೆಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಗಳು ದೊರೆತವು; ಬೇಟೆಯನ್ನು ಹೊರಗಿಟ್ಟು ಜೇನು, ನೆಲ್ಲಿಯಂಥ ಕಿರು ಉತ್ಪನ್ನಗಳ ಹಕ್ಕನ್ನು ಆ ಕಾಯ್ದೆ ಎತ್ತಿಹಿಡಿಯುತ್ತದೆ. ಜೇನು ಕೀಳಲು ಹೊರಟವನನ್ನು ಅತಿಕ್ರಮಿ ಎಂದು ಹಿಡಿದು ತಂದ ಕಿರಿಯ ಸಿಬ್ಬಂದಿಗೆ ಎರಡು ಕಾಯ್ದೆಗಳನ್ನೂ ಒಟ್ಟಿಗೆ ಓದಿ ಹೇಳುವ ಹಿರಿಯರಿಲ್ಲದಿದ್ದರೆ ಕಾನೂನೇ ಅನ್ಯಾಯದ ಸಾಧನವಾಗುತ್ತದೆ.

ಮೇಲ್ವಿಚಾರಣೆಯ ಇನ್ನೊಂದು ಮುಖ ಸಿಬ್ಬಂದಿಯ ಪ್ರಾಣ. ಉಪ ಅರಣ್ಯ ಸಂರಕ್ಷಣಾಧಿಕಾರಿಯಾಗಿದ್ದ ಪಿ. ಶ್ರೀನಿವಾಸ್ 1991ರ ನವೆಂಬರಿನಲ್ಲಿ ಕಾಡುಗಳ್ಳ ವೀರಪ್ಪನ್‌ನಿಂದ ಹತರಾದರು, ಮರಣೋತ್ತರವಾಗಿ ಕೀರ್ತಿಚಕ್ರ ಪಡೆದರು. ನಾಗರಹೊಳೆಯ ಹೊಣೆ ಹೊತ್ತಿದ್ದ ಎಸ್. ಮಣಿಕಂಠನ್ 2018ರ ಮಾರ್ಚಿನಲ್ಲಿ ಕಾಡಿನ ಪರಿಶೀಲನೆಯ ವೇಳೆ ಆನೆಯ ದಾಳಿಗೆ ಬಲಿಯಾದರು. ಸೆಪ್ಟೆಂಬರ್ 11ರ ಅರಣ್ಯ ಹುತಾತ್ಮರ ದಿನದಂದು ಸ್ಮರಿಸುವ ಹೆಸರುಗಳಲ್ಲಿ ಅಧಿಕಾರಿಗಳಿಗಿಂತ ಗಸ್ತು ಪಾಲಕರೂ ದಿನಗೂಲಿ ವಾಚರುಗಳೂ ಹೆಚ್ಚು. ಶಿಬಿರಕ್ಕೆ ಅಕ್ಕಿ ತಲುಪಿತೇ, ವೈರ್‌ಲೆಸ್ ಕೆಲಸ ಮಾಡುತ್ತಿದೆಯೇ, ವಾಚರನ ತಿಂಗಳ ಕೂಲಿ ಬಂತೇ ಎಂಬ ವಿಚಾರಣೆಗಳು ಸಾಮಾನ್ಯ ಆಡಳಿತದಂತೆ ಕಂಡರೂ ಕಳ್ಳಬೇಟೆ ತಡೆಯ ಬುನಾದಿ ಇರುವುದು ಅಲ್ಲೇ; ತಿಂಗಳುಗಟ್ಟಲೆ ಕೂಲಿ ಬಾರದ ವಾಚರನಿಂದ, ಅವನ ಬಂಧುವೇ ಹಾಕಿದ ಉರುಳಿನ ಸುದ್ದಿಯನ್ನು ನಿರೀಕ್ಷಿಸುವ ನೈತಿಕ ಹಕ್ಕು ಯಾವ ಇಲಾಖೆಗೂ ಇರುವುದಿಲ್ಲ.

ಇಷ್ಟನ್ನೂ ಅರ್ಜಿಯ ಅಂಕಣಗಳಲ್ಲಿ ಕೇಳಲಾಗದು ಎಂಬುದು ನೇಮಕಾತಿಯ ದೋಷವೇನೂ ಅಲ್ಲ. ಪಕ್ಷಪಾತವಿಲ್ಲದೆ ಆಯ್ಕೆ ಮಾಡಬೇಕಾದರೆ ಅಳೆಯಲು ಬರುವುದನ್ನೇ ಅಳೆಯಬೇಕು. ಅಳತೆಗೆ ಸಿಗದ ಭಾಗವನ್ನು ಅಭ್ಯರ್ಥಿಯೇ ತನ್ನಲ್ಲಿ ಪರೀಕ್ಷಿಸಿಕೊಳ್ಳಬೇಕಾಗುತ್ತದೆ, ಅದಕ್ಕೆ ಕಲಮುಗಳ ಬಾಯಿಪಾಠಕ್ಕಿಂತ ಖುಲಾಸೆಯಾದ ಒಂದು ವನ್ಯಜೀವಿ ಮೊಕದ್ದಮೆಯ ತೀರ್ಪನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಹೆಚ್ಚು ನೆರವಾಗುತ್ತದೆ. ಅರ್ಜಿಯ ಕೊನೆಯಲ್ಲಿ, ಮೇಲಿನ ವಿವರಗಳೆಲ್ಲ ಸತ್ಯವೆಂದು ಘೋಷಿಸಿ ಸಹಿ ಹಾಕುವ ಜಾಗವಿರುತ್ತದೆ. ಅಲ್ಲಿ ಅಭ್ಯರ್ಥಿ ದೃಢೀಕರಿಸುವುದು ತನ್ನದೇ ಜನ್ಮದಿನಾಂಕವನ್ನು, ತನ್ನದೇ ಅಂಕಗಳನ್ನು. ಸೇವೆಗೆ ಸೇರಿದ ಮೇಲೆ ಹಾಕುವ ಸಹಿಗಳು ಬಹುಪಾಲು ಬೇರೆಯವರು ಕಂಡದ್ದರ, ಹಿಡಿದದ್ದರ, ಬರೆದದ್ದರ ಕೆಳಗೆ ಬೀಳುತ್ತವೆ, ಅವುಗಳ ಮೇಲೆ ಒಬ್ಬ ಮನುಷ್ಯನ ಸ್ವಾತಂತ್ರ್ಯವೂ ಒಂದು ಕಾಡಿನ ಕ್ಷೇಮವೂ ನಿಂತಿರುತ್ತವೆ. ಸ್ಥಳಕ್ಕೆ ಹೋಗಿ ನೋಡದೆ ಸಹಿ ಹಾಕಲು ಮನಸ್ಸು ಒಪ್ಪದ ಅಭ್ಯರ್ಥಿ, ಉಳಿದ ಅಂಕಗಳಲ್ಲಿ ಒಂದೆರಡು ಕಡಿಮೆ ಬಿದ್ದರೂ, ಈ ಹುದ್ದೆಗೆ ಅರ್ಜಿ ಹಾಕಬೇಕಾದವನು.