ಕೋಟಾ: ಇನ್ನೊಂದು ವರ್ಷದ ಊರು

ಕೋಟ ಎಂದೊಡನೆ ಕನ್ನಡಿಗರಿಗೆ ಶಿವರಾಮ ಕಾರಂತರು ಹುಟ್ಟಿದ ಉಡುಪಿ ಜಿಲ್ಲೆಯ ಊರು ನೆನಪಾಗುತ್ತದೆ. ಮನೆ ಕಟ್ಟಿಸಿದವರಿಗಾದರೆ ನೆಲಕ್ಕೆ ಹಾಸುವ, ತುಸು ಹಸಿರು ಛಾಯೆಯ ಕೋಟಾ ಕಲ್ಲು. ಪಿಯುಸಿ ವಿಜ್ಞಾನ ಓದುವ ಮಕ್ಕಳಿರುವ ಮನೆಗಳಲ್ಲಿ ಆ ಹೆಸರಿಗೆ ಮೂರನೆಯ ಅರ್ಥವೊಂದಿದೆ. ವೈದ್ಯಕೀಯ ಪ್ರವೇಶಕ್ಕೆ ಬರೆದ ನೀಟ್ ಪರೀಕ್ಷೆಯ ಫಲಿತಾಂಶ ಬಂದು, ಅಂಕಗಳು ಸೀಟಿಗೆ ಸಾಲದೆ ಹೋದಾಗ, ರಾತ್ರಿ ಊಟದ ಹೊತ್ತಿಗೆ ಮಾತು ಶುರುವಾಗುತ್ತದೆ: ‘ಇನ್ನೊಂದು ವರ್ಷ ಕೂರಿಸೋಣವೇ? ಕೋಟಾಕ್ಕೆ ಕಳಿಸೋಣವೇ?’

ಈ ಕೋಟಾ ಇರುವುದು ರಾಜಸ್ಥಾನದ ಆಗ್ನೇಯ ಭಾಗದಲ್ಲಿ, ಜೈಪುರದಿಂದ ಸುಮಾರು 250 ಕಿಲೋಮೀಟರ್ ದೂರದಲ್ಲಿ. ದೆಹಲಿ-ಮುಂಬಯಿ ರೈಲು ಮಾರ್ಗದ ದೊಡ್ಡ ನಿಲ್ದಾಣ ಅದು. ಮರಳುಗಾಡನ್ನು ನಿರೀಕ್ಷಿಸಿ ಇಳಿದವರಿಗೆ ಅಲ್ಲಿ ಕಾಣುವುದು ತುಂಬು ನದಿ. ಚಂಬಲ್ ಇಲ್ಲಿ ಉತ್ತರಕ್ಕೆ ಹರಿದು ಮುಂದೆ ಯಮುನೆಯನ್ನು ಸೇರುತ್ತದೆ. 1960ರಲ್ಲಿ ಸಿದ್ಧವಾದ ಕೋಟಾ ಬ್ಯಾರೇಜಿನಿಂದ ಹೊರಟ ಕಾಲುವೆಗಳು ಸುತ್ತಲ ಹೊಲಗಳನ್ನು ಹಸಿರಾಗಿಸಿವೆ. ಹಳೆಯ ಊರಿನಲ್ಲಿ ಅರಮನೆಯಿದೆ, ಕಿಶೋರ್ ಸಾಗರ್ ಕೆರೆಯಿದೆ, ಕೆರೆಯ ನಡುವೆ ಜಗಮಂದಿರವಿದೆ. ಬೆಳಗಾಯಿತೆಂದರೆ ಬೀದಿಬೀದಿಯಲ್ಲಿ ಉದ್ದಿನಬೇಳೆ, ಇಂಗು ಹಾಕಿದ ಕಚೋರಿಯ ವಾಸನೆ. ಪಕ್ಕದ ಕೈಥೂನ್‌ನಲ್ಲಿ ನೇಯುವ ಚೌಕುಳಿಯ ಕೋಟಾ ಸೀರೆಗೆ ‘ಮಸೂರಿಯಾ’ ಎಂಬ ಹೆಸರೂ ಉಂಟು. ಮೊದಲ ನೇಕಾರರು ಮೈಸೂರಿನಿಂದ ಬಂದವರು, ಆದ್ದರಿಂದ ಆ ಹೆಸರು ಎಂಬ ಪ್ರತೀತಿ ಅಲ್ಲಿದೆ.

ಕೋಚಿಂಗ್ ಬರುವ ಮೊದಲು ಕೋಟಾ ಕಾರ್ಖಾನೆಗಳ ಊರಾಗಿತ್ತು. ಕೃತಕ ನೂಲು ತಯಾರಿಸುತ್ತಿದ್ದ ಜೆ.ಕೆ. ಸಿಂಥೆಟಿಕ್ಸ್ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತ್ತು. ಅಲ್ಲಿ ಎಂಜಿನಿಯರ್ ಆಗಿದ್ದ ವಿನೋದ್ ಕುಮಾರ್ ಬನ್ಸಲ್ ಅವರಿಗೆ ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಕಾಯಿಲೆ ಬಂತು. 1980ರ ದಶಕದಲ್ಲಿ ಅವರು ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳತೊಡಗಿದರು. ಅವರ ಶಿಷ್ಯರು ಐಐಟಿಗೆ ಆಯ್ಕೆಯಾದಂತೆ ಹೆಸರು ಹರಡಿತು. 1997ರಲ್ಲಿ ಕಾರ್ಖಾನೆ ಮುಚ್ಚಿದಾಗ ಊರಿಗೆ ಆಸರೆಯಾದದ್ದು ಈ ಪಾಠದ ಕಸುಬೇ. ಮೊದಲು ಎಂಜಿನಿಯರಿಂಗ್, ಅದರ ಜೊತೆಗೇ ಮೆಡಿಕಲ್. ಬನ್ಸಲ್ 2021ರಲ್ಲಿ ತೀರಿಕೊಂಡರು. ಅವರು ಹಾಕಿಕೊಟ್ಟ ದಾರಿ ಅಷ್ಟರಲ್ಲಿ ಹೆದ್ದಾರಿಯಾಗಿತ್ತು.

ತಲವಂಡಿ, ವಿಜ್ಞಾನ ನಗರ, ಮಹಾವೀರ ನಗರಗಳಲ್ಲಿ ಓಡಾಡಿದರೆ ಇಡೀ ಬಡಾವಣೆಯೇ ಒಂದು ವಿದ್ಯಾರ್ಥಿನಿಲಯ ಎನಿಸುತ್ತದೆ. ಮಹಡಿ ಮಹಡಿಯಲ್ಲೂ ಹಾಸ್ಟೆಲು, ಕೆಳಗೆ ಮೆಸ್ಸು, ಜೆರಾಕ್ಸ್ ಅಂಗಡಿ, ಹಳೆಯ ಪುಸ್ತಕ ಮಾರುವವರು. ಗೋಡೆಗಳ ಮೇಲೆ ರ‍್ಯಾಂಕ್ ಬಂದವರ ದೊಡ್ಡ ದೊಡ್ಡ ಚಿತ್ರಗಳು. ತಲವಂಡಿಯ ರಾಧಾಕೃಷ್ಣ ದೇವಸ್ಥಾನದ ಗೋಡೆಯ ಮೇಲೆ ಮಕ್ಕಳು ತಮ್ಮ ಕೋರಿಕೆ ಬರೆಯುತ್ತಾರೆ: ಏಮ್ಸ್ ಸಿಗಲಿ, ಅಮ್ಮ ಸಂತೋಷವಾಗಿರಲಿ, ಈ ಸಲವಾದರೂ ಆಗಲಿ. ಬೀದಿಯ ಚಿತ್ರಗಳು ಗೆದ್ದವರದು, ದೇವರ ಗೋಡೆ ಇನ್ನೂ ಕಾಯುತ್ತಿರುವವರದು.

ಕಾಯುವವರಲ್ಲಿ ದೊಡ್ಡ ಪಾಲು ಎರಡನೆಯ, ಮೂರನೆಯ ಸಲ ಬರೆಯುವವರು. ಅಲ್ಲಿ ಅವರನ್ನು ‘ಡ್ರಾಪರ್’ ಎನ್ನುತ್ತಾರೆ, ನಮ್ಮಲ್ಲಿ ‘ರಿಪೀಟರ್’. ಅವರಿಗೆಂದೇ ಒಂದು ವರ್ಷದ ತರಗತಿಗಳಿವೆ. ದಿನವೂ ಪಾಠ, ಕೆಲವು ದಿನಕ್ಕೊಂದು ಪರೀಕ್ಷೆ, ಪರೀಕ್ಷೆ ಮುಗಿದೊಡನೆ ರ‍್ಯಾಂಕ್ ಪಟ್ಟಿ. ಈ ಶಿಸ್ತು ಕೆಲವರಿಗೆ ಬಹಳ ಒಗ್ಗುತ್ತದೆ. ಮನೆಯಲ್ಲಿ ಓದಿಗೆ ಕೂರಲಾಗದವರು, ಭೌತಶಾಸ್ತ್ರದ ಲೆಕ್ಕಗಳಿಗೆ ಅಭ್ಯಾಸ ಸಾಲದವರು ಅಲ್ಲಿ ಸುಧಾರಿಸಿದ್ದಾರೆ. ಆದರೆ ಕರ್ನಾಟಕದಿಂದ ಹೋಗುವ ಹುಡುಗ ಹುಡುಗಿಗೆ ಹಿಂದಿ, ರೊಟ್ಟಿಯೂಟ, 45 ಡಿಗ್ರಿಯ ಬೇಸಿಗೆ, ಬಾಗಿಲು ಹಾಕಿಕೊಂಡರೆ ಮಾತಿಗೆ ಯಾರೂ ಇಲ್ಲದ ಒಂಟಿ ಕೋಣೆ, ಇವೆಲ್ಲ ಒಮ್ಮೆಗೇ ಎದುರಾಗುತ್ತವೆ. ಒಂದು ಸಲ ಸೋತೆನೆಂಬ ಭಾವನೆಯೂ ಪೆಟ್ಟಿಗೆಯ ಜೊತೆ ಬಂದಿರುತ್ತದೆ.

ಅದರ ಬೆಲೆಯನ್ನು ಕೋಟಾ ತೆತ್ತಿದೆ. 2023ರಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಅಲ್ಲಿ ಪ್ರಾಣ ಕಳೆದುಕೊಂಡರು. ಆ ಆಗಸ್ಟ್‌ನಲ್ಲಿ ಜಿಲ್ಲಾಡಳಿತ ಕೋಚಿಂಗ್ ಕೇಂದ್ರಗಳ ಪರೀಕ್ಷೆಗಳನ್ನೇ ಎರಡು ತಿಂಗಳು ನಿಲ್ಲಿಸುವಂತೆ ಹೇಳಬೇಕಾಯಿತು. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ಹದಿನಾರು ವರ್ಷ ತುಂಬದವರನ್ನು ಸೇರಿಸಿಕೊಳ್ಳಬಾರದು, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕ ಹಿಂತಿರುಗಿಸಬೇಕು ಎಂಬ ಮಾರ್ಗಸೂಚಿ ಹೊರಡಿಸಿತು. ಆ ವರ್ಷ ಊರಿಗೆ ಬಂದವರ ಸಂಖ್ಯೆ ಇಳಿದು, ಹಾಸ್ಟೆಲ್ ಕೋಣೆಗಳು ಖಾಲಿ ಉಳಿದವು. ಮಗು ಎಲ್ಲೇ ಓದುತ್ತಿರಲಿ, ಮನಸ್ಸು ಕುಸಿದಾಗ ಮಾತನಾಡಲು 14416 ಸಂಖ್ಯೆಯ ಟೆಲಿ-ಮಾನಸ್ ಇದೆ. ಸರ್ಕಾರದ ಈ ಉಚಿತ ಸೇವೆ ಕನ್ನಡದಲ್ಲೂ ಸಿಗುತ್ತದೆ. ಮನೆಯವರೂ ಕರೆ ಮಾಡಬಹುದು.

ಹಾಗಾದರೆ ಮತ್ತೆ ಬರೆಯಬೇಕೇ, ಬೇಡವೇ? ಮೊದಲು ಲೆಕ್ಕವನ್ನು ಸರಿಯಾಗಿ ನೋಡಬೇಕು. 2025ರಲ್ಲಿ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು. ‘ಅರ್ಹ’ರೆನಿಸಿದವರು 12 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳು ಸುಮಾರು ಒಂದು ಲಕ್ಷದ ಇಪ್ಪತ್ತು ಸಾವಿರದ ಆಸುಪಾಸು, ಅದರಲ್ಲಿ ಹೆಚ್ಚು ಕಡಿಮೆ ಅರ್ಧ ಮಾತ್ರ ಸರ್ಕಾರಿ ಕಾಲೇಜುಗಳವು. ಅರ್ಹತೆ ಬೇರೆ, ಸೀಟು ಬೇರೆ. ಅಂಕವೂ ಪೂರ್ತಿ ನಂಬುವ ಅಳತೆಯಲ್ಲ. 2024ರ ಪರಿಷ್ಕೃತ ಫಲಿತಾಂಶದಲ್ಲಿ 17 ಮಂದಿ 720ಕ್ಕೆ 720 ಪಡೆದಿದ್ದರು. 2025ರ ಪ್ರಶ್ನೆಪತ್ರಿಕೆ ಕಠಿಣವಾಗಿ, ದೇಶಕ್ಕೆ ಮೊದಲಿಗರಾದವರ ಅಂಕವೇ 686. ಆದ್ದರಿಂದ ‘ಇನ್ನು ನೂರು ಅಂಕ ಬಂದಿದ್ದರೆ’ ಎಂದು ಯೋಚಿಸುವ ಬದಲು, ರ‍್ಯಾಂಕ್ ಎಷ್ಟಿತ್ತು, ತಮ್ಮ ವರ್ಗಕ್ಕೆ ಕರ್ನಾಟಕದಲ್ಲಿ ಕೊನೆಯ ಸರ್ಕಾರಿ ಸೀಟು ಯಾವ ರ‍್ಯಾಂಕಿಗೆ ಸಿಕ್ಕಿತು ಎಂದು ಪರೀಕ್ಷಾ ಪ್ರಾಧಿಕಾರದ ಪಟ್ಟಿಯಲ್ಲಿ ನೋಡುವುದು ಮೇಲು.

ಆಮೇಲೆ ಉತ್ತರಪತ್ರಿಕೆ. ಅದರ ಪ್ರತಿ ಮತ್ತು ಸರಿಯುತ್ತರ ಎರಡೂ ಅಭ್ಯರ್ಥಿಗೆ ನೋಡಲು ಸಿಗುತ್ತವೆ. 180 ಪ್ರಶ್ನೆ, ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಉದಾಹರಣೆಗೆ 110 ಸರಿ, 60 ತಪ್ಪು, 10 ಬಿಟ್ಟದ್ದು ಎಂದಾದರೆ 380 ಅಂಕ. ಆ ಅರವತ್ತರಲ್ಲಿ ಮೂವತ್ತು ಕುರುಡು ಊಹೆಗಳಾಗಿದ್ದು, ಅವನ್ನು ಮುಟ್ಟದೆ ಬಿಟ್ಟಿದ್ದರೂ 410 ಆಗುತ್ತಿತ್ತು. ಇಪ್ಪತ್ತು ತಪ್ಪುಗಳು ಸರಿಯಾಗಿದ್ದರೆ 480. ಪ್ರತಿ ತಪ್ಪಿನ ಪಕ್ಕದಲ್ಲಿ ಕಾರಣ ಬರೆಯಬೇಕು: ಪಾಠವೇ ತಿಳಿದಿರಲಿಲ್ಲವೇ? ತಿಳಿದೂ ತಪ್ಪಿತೇ? ಸಮಯ ಸಾಲಲಿಲ್ಲವೇ? ತಪ್ಪುಗಳು ನಾಲ್ಕಾರು ಅಧ್ಯಾಯಗಳಲ್ಲಿ, ಅವಸರದಲ್ಲಿ, ಊಹೆಯಲ್ಲಿ ಆಗಿದ್ದರೆ ಒಂದು ವರ್ಷ ಅವನ್ನು ತಿದ್ದಬಲ್ಲದು. ಎರಡು ವರ್ಷ ಶ್ರದ್ಧೆಯಿಂದ ಓದಿದ ಮೇಲೂ ಎಲ್ಲ ವಿಷಯಗಳಲ್ಲೂ ಹರಡಿಕೊಂಡಿದ್ದರೆ, ಮೂರನೆಯ ವರ್ಷವೂ ಅದೇ ರೀತಿ ಓದಿ ಬೇರೆ ಫಲ ಬಯಸುವುದು ಕಷ್ಟ. ಹೊಸ ವರ್ಷದಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಲಾಗದಿದ್ದರೆ, ಊರು ಬದಲಾಯಿಸಿ ಪ್ರಯೋಜನವಿಲ್ಲ. ಬರೆಯಲಾದರೆ, ಕೋಟಾಕ್ಕೇ ಹೋಗಬೇಕೆಂದೂ ಇಲ್ಲ. ಬೆಂಗಳೂರು, ಮಂಗಳೂರು, ಕಲಬುರಗಿಗಳಲ್ಲೂ ಪಾಠವಿದೆ, ಕೆಲವರಿಗೆ ಮನೆಯೇ ಸಾಕು.

ಕೊನೆಯದಾಗಿ, ಬರೆಯುವ ಆಸೆ ಯಾರದು? ‘ಅಪ್ಪಾ, ನಾನು ಇನ್ನೊಂದು ಸಲ ಬರೀತೀನಿ’ ಎಂದು ಮಗು ಹೇಳುವುದಕ್ಕೂ, ನೆಂಟರೆದುರು ತಲೆ ತಗ್ಗಬಾರದೆಂದು ಹಿರಿಯರು ಹೇಳುವುದಕ್ಕೂ ವ್ಯತ್ಯಾಸವಿದೆ. ನೀಟ್‌ಗೆ ಈಗ ಗರಿಷ್ಠ ವಯಸ್ಸಿಲ್ಲ, ಇಷ್ಟೇ ಸಲ ಎಂಬ ಮಿತಿಯೂ ಇಲ್ಲ. ಸರ್ಕಾರ ಗೆರೆ ಹಾಕದ ಕಡೆ ಮನೆಯೇ ಗೆರೆ ಹಾಕಿಕೊಳ್ಳಬೇಕು, ಅದೂ ಫಲಿತಾಂಶ ಬಂದ ಮೇಲಲ್ಲ, ತರಗತಿಗೆ ಹಣ ಕಟ್ಟುವ ಮೊದಲು. ಇದೊಂದು ವರ್ಷ; ಆಗದಿದ್ದರೆ ಪಶುವೈದ್ಯವೋ, ನರ್ಸಿಂಗೋ, ಫಿಸಿಯೋಥೆರಪಿಯೋ, ಬಿಎಸ್ಸಿಯೋ ಎಂದು ಮೊದಲೇ ಕೂತು ಮಾತಾಡಿಕೊಂಡ ಮನೆಯ ಮಗು ಪರೀಕ್ಷಾ ಕೋಣೆಯಲ್ಲಿ ಹಗುರಾಗಿ ಕೂರುತ್ತದೆ. ಮುಂದೆ ದಾರಿಯಿದೆ ಎಂದು ಗೊತ್ತಿರುವವರ ಕೈ ನಡುಗುವುದು ಕಡಿಮೆ.